ಗಾಳಿ ಊದಿದರೆ ಸಾಕಾ? ಸ್ಲಡ್ಜ್ ಟ್ಯಾಂಕ್ ಒಳಗೆ ಏನಾಗುತ್ತೆ

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟ್‌ನಲ್ಲಿ ಇರೋರಿಗೆ ಎಸ್‌ಟಿಪಿ ನೋಡದೇ ಇದ್ರೂ ಅದರ ವಾಸನೆ ಪರಿಚಯ ಇರುತ್ತೆ. ಬ್ಲೋವರ್ ಗುಂಯ್ ಅಂತಾನೇ ಇರುತ್ತೆ, ಆದ್ರೂ ನಾತ ಯಾಕೆ? ಇವತ್ತು ಅದನ್ನೇ ಹೇಳ್ತೀನಿ.

ಕೊಳಚೆ ನೀರನ್ನ ಶುದ್ಧ ಮಾಡೋದು ಬ್ಯಾಕ್ಟೀರಿಯಾ. ಅವಕ್ಕೆ ಆಮ್ಲಜನಕ ಬೇಕು, ಅದಕ್ಕೇ ಗಾಳಿ ಊದ್ತಾರೆ. 1914ರಲ್ಲಿ ಮ್ಯಾಂಚೆಸ್ಟರ್‌ನ ಆರ್ಡನ್ ಮತ್ತು ಲಾಕೆಟ್ ತೋರಿಸಿಕೊಟ್ಟ ವಿಧಾನ ಇದು. ಗಾಳಿ ಊದೋ ತೊಟ್ಟಿಯಲ್ಲಿ ಸಾಮಾನ್ಯವಾಗಿ ಲೀಟರಿಗೆ 2ರಿಂದ 4 ಗ್ರಾಂ ಘನವಸ್ತು ಇರುತ್ತೆ, ಅಂದ್ರೆ ಬಹುತೇಕ ನೀರೇ. ಕೊನೆಗೆ ಉಳಿಯೋ ಸ್ಲಡ್ಜನ್ನ ಗಟ್ಟಿ ಮಾಡಿದಾಗ ಅದು 40 ಗ್ರಾಂವರೆಗೂ ಹೋಗಬಹುದು. ತೊಂದರೆ ಅಲ್ಲಿಂದ ಶುರು.

ರಾಗಿ ಗಂಜಿ ಕುದಿಯೋದನ್ನ ನೋಡಿದ್ದೀರಲ್ಲ? ನೀರಲ್ಲಿ ಸಣ್ಣ ಗುಳ್ಳೆ ಸಲೀಸಾಗಿ ಏಳುತ್ತೆ. ಗಂಜಿಯಲ್ಲಿ ದೊಡ್ಡ ಗುಳ್ಳೆ ಬುಳಕ್ ಅಂತ ಒಡೆಯುತ್ತೆ. ಗಟ್ಟಿ ಸ್ಲಡ್ಜಲ್ಲೂ ಹಾಗೇ: ಸಣ್ಣ ಗುಳ್ಳೆಗಳು ಒಂದಕ್ಕೊಂದು ಸೇರಿ ದೊಡ್ಡದಾಗಿ, ಬೇಗ ಮೇಲೆ ಬಂದು ಒಡೆದುಹೋಗುತ್ತವೆ. ಶುದ್ಧ ನೀರಿಗೆ ಆಮ್ಲಜನಕ ಸೇರೋ ವೇಗ 1 ಅಂತ ಇಟ್ಕೊಂಡ್ರೆ, ಇಲ್ಲಿ ಅದು 0.5ಕ್ಕಿಂತ ಕೆಳಗೆ ಇಳಿಯಬಹುದು. ಕರೆಂಟ್ ಬಿಲ್ ಮಾತ್ರ ಅಷ್ಟೇ ಬರುತ್ತೆ.

ಇನ್ನೊಂದು ವಿಷಯ. ಸ್ಲಡ್ಜ್ ಕಲಕಿದಲ್ಲಿ ತೆಳುವಾಗುತ್ತೆ, ಬಿಟ್ಟಲ್ಲಿ ಗಟ್ಟಿಯಾಗುತ್ತೆ. ಸಣ್ಣ ಮಿಕ್ಸರ್ ಹಾಕಿದ್ರೆ ನಡುವೆ ಮಾತ್ರ ತಿರುಗುತ್ತೆ, ಮೂಲೆಗಳು ಅಲ್ಲಾಡೋದೇ ಇಲ್ಲ. ಗಾಳಿ ಮುಟ್ಟದ ಆ ಮೂಲೆಯಲ್ಲೇ ಹೈಡ್ರೋಜನ್ ಸಲ್ಫೈಡ್ ಹುಟ್ಟೋದು. ಮೊದಲು ಕೊಳೆತ ಮೊಟ್ಟೆ ವಾಸನೆ. ಅನಿಲ ಹೆಚ್ಚಾದ್ರೆ ಮೂಗಿಗೆ ವಾಸನೆಯೇ ತಿಳಿಯಲ್ಲ. ಅದು ಜೀವ ತೆಗೆಯೋ ಹಂತ.

ಹಾಗಾದ್ರೆ ವಿನ್ಯಾಸ ಹೇಗಿರಬೇಕು? ಕಲಕೋ ಕೆಲಸ, ಗಾಳಿ ಕೊಡೋ ಕೆಲಸ ಎರಡನ್ನೂ ಬೇರೆ ಮಾಡಿ. ನಿಧಾನಕ್ಕೆ ತಿರುಗೋ ದೊಡ್ಡ ರೆಕ್ಕೆಯ ಮಿಕ್ಸರ್ ಇಡೀ ತೊಟ್ಟಿಯನ್ನ ಅಲ್ಲಾಡಿಸಲಿ. ಮೂಲೆಗಳಿಲ್ಲದ ದುಂಡು ತೊಟ್ಟಿ, ಇಳಿಜಾರು ತಳ ಇದ್ರೆ ಒಳ್ಳೆಯದು. ಬೇಗ ಕಟ್ಟಿಕೊಳ್ಳದ, ದೊಡ್ಡ ಗುಳ್ಳೆಯ ಡಿಫ್ಯೂಸರ್ ಇರಲಿ. ಸ್ಲಡ್ಜನ್ನ ಬೇಕಾದ್ದಕ್ಕಿಂತ ಗಟ್ಟಿ ಮಾಡಬೇಡಿ.

ನಾನು ಇದನ್ನ ಬರೀ ಎಂಜಿನಿಯರ್‌ಗಳ ತಲೆನೋವು ಅಂತ ನೋಡಲ್ಲ. ತಳದಲ್ಲಿ ಕೆಸರು ಕಟ್ಟಿಕೊಂಡ್ರೆ ಕೊನೆಗೆ ಯಾರೋ ಒಬ್ಬ ಕೆಲಸಗಾರನನ್ನ ಒಳಗೆ ಇಳಿಸ್ತಾರೆ. ಸುರಕ್ಷಾ ಸಾಧನ ಇಲ್ಲದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕ್‌ಗೆ ಇಳಿಸೋದನ್ನ 2013ರ ಕಾಯ್ದೆ ನಿಷೇಧಿಸಿದೆ. ಆದ್ರೂ ಸಾವುಗಳು ನಿಂತಿಲ್ಲ.

ಮುಂದಿನ ಅಸೋಸಿಯೇಷನ್ ಮೀಟಿಂಗಲ್ಲಿ ಎರಡೇ ಪ್ರಶ್ನೆ ಕೇಳಿ. ಬಿಲ್ ಉಳಿಸೋಕೆ ರಾತ್ರಿ ಬ್ಲೋವರ್ ಆಫ್ ಮಾಡ್ತೀರಾ? ಡಿಫ್ಯೂಸರ್ ಕೆಟ್ಟರೆ ಮೇಲಿಂದಲೇ ಎತ್ತೋಕೆ ಆಗುತ್ತಾ, ಇಲ್ಲ ಯಾರಾದ್ರೂ ಇಳೀಬೇಕಾ?