ಶಸ್ತ್ರಚಿಕಿತ್ಸೆಯಾದ ಹೊಟ್ಟೆಗೆ ಯಾವ ತಿಂಡಿ?



ಹುಬ್ಬಳ್ಳಿಯಿಂದ ಯಲ್ಲಾಪುರ ಮಾರ್ಗವಾಗಿ ಕರಾವಳಿಗೆ ಇಳಿಯುವವರಿಗೆ ಕಲಘಟಗಿ ಪರಿಚಿತ ಊರು. ಬಣ್ಣದ ಮರದ ತೊಟ್ಟಿಲುಗಳಿಗೆ ಹೆಸರಾದ ಧಾರವಾಡ ಜಿಲ್ಲೆಯ ತಾಲೂಕು ಕೇಂದ್ರವಿದು. ದೊಡ್ಡ ಚಿಕಿತ್ಸೆಗೆಂದು ಹುಬ್ಬಳ್ಳಿ-ಧಾರವಾಡದ ಆಸ್ಪತ್ರೆಗಳಿಗೆ ಹೋಗಿಬರುವ ನಮ್ಮ ಕಡೆಯವರು ಅನೇಕರು ಇಲ್ಲಿ ಚಹಾಕ್ಕೆ ಇಳಿಯುತ್ತಾರೆ.

ಅಂಥ ಒಂದು ಪ್ರಯಾಣದಲ್ಲಿ ನಾವೂ ಜೊತೆಗಿದ್ದೆವು. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ನಾಲ್ಕು ತಿಂಗಳಾಗಿದ್ದ ಧರ್ಮಕೇಂದ್ರದ ಒಬ್ಬರು ತಪಾಸಣೆ ಮುಗಿಸಿ ಮರಳುತ್ತಿದ್ದರು. ಗಿರಮಿಟ್ಟು, ಬಿಸಿ ಮಿರ್ಚಿ ಭಜಿ ಬಂತು. ಅವರು ಬೇಡವೆಂದರು. "ಒಂದೇ ಒಂದು ತಿನ್ನಿ, ಏನೂ ಆಗುವುದಿಲ್ಲ" ಎಂದು ಒತ್ತಾಯ ಮಾಡಿದವರು ನಾವೇ. ಗುರುಗಳು ಹೇಳಿದರಲ್ಲ ಎಂದು ಅವರು ತಿಂದರು, ಮೇಲೆ ಚಹಾ ಕುಡಿದರು. ಹದಿನೈದು ನಿಮಿಷದಲ್ಲಿ ಬೆವರು, ಎದೆಯಲ್ಲಿ ಬಿಗಿತ, ವಾಂತಿ. ಗಾಡಿ ನಿಲ್ಲಿಸಿ ರಸ್ತೆ ಬದಿಯಲ್ಲಿ ಕುಳಿತೆವು. ಪ್ರೀತಿಯಿಂದ ಮಾಡಿದ್ದೇ ಅವರಿಗೆ ಕಷ್ಟವಾಯಿತು. ಆಮೇಲೆ ವೈದ್ಯರಿಂದ ಕೇಳಿ ತಿಳಿದುಕೊಂಡದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇವೆ.

ಹೊಟ್ಟೆಯಲ್ಲಿ ಏನು ಬದಲಾಗುತ್ತದೆ?

ಇಂದು ಹೆಚ್ಚು ನಡೆಯುವ 'ಸ್ಲೀವ್' ಶಸ್ತ್ರಚಿಕಿತ್ಸೆಯಲ್ಲಿ ಜಠರದ ಸುಮಾರು ನಾಲ್ಕರಲ್ಲಿ ಮೂರು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನಾಕಾರದ ಸಣ್ಣ ಕೊಳವೆ. 'ಬೈಪಾಸ್' ವಿಧಾನದಲ್ಲಿ ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲ ಮಾಡಿ ಅದಕ್ಕೆ ಕರುಳನ್ನು ನೇರವಾಗಿ ಜೋಡಿಸುತ್ತಾರೆ. ಎರಡರಲ್ಲೂ ಒಮ್ಮೆಗೆ ಹಿಡಿಯುವ ಆಹಾರ ಬಹಳ ಕಡಿಮೆ. ಆದರೆ ದೇಹಕ್ಕೆ ಬೇಕಾದ ಪ್ರೋಟೀನು ಕಡಿಮೆಯಾಗುವುದಿಲ್ಲ. ದಿನಕ್ಕೆ ಸಾಮಾನ್ಯವಾಗಿ 60ರಿಂದ 80 ಗ್ರಾಂ ಬೇಕೆಂದು ವೈದ್ಯರು ಹೇಳುತ್ತಾರೆ. ಮೂರು ಸಣ್ಣ ಊಟಗಳಲ್ಲಿ ಇಷ್ಟು ಸೇರುವುದು ಕಷ್ಟ. ಆದ್ದರಿಂದ ನಡುವಿನ ತಿಂಡಿ ಬಾಯಿಚಪಲಕ್ಕಲ್ಲ, ಅದೂ ಚಿಕಿತ್ಸೆಯ ಒಂದು ಭಾಗ.

ಗಿರಮಿಟ್ಟು ಯಾಕೆ ಸಲ್ಲದು?

ಚುನಮುರಿ ಹಗುರ ಪದಾರ್ಥ, ಏನೂ ಆಗದು ಎಂದು ನಾವು ತಿಳಿಯುತ್ತೇವೆ. ಆದರೆ 30 ಗ್ರಾಂ ಚುನಮುರಿಯಲ್ಲಿ ಪ್ರೋಟೀನು ಸುಮಾರು 2 ಗ್ರಾಂ ಮಾತ್ರ, ಉಳಿದದ್ದು ಹೆಚ್ಚಾಗಿ ಪಿಷ್ಟ. ಅದು ಬೇಗ ಮೆತ್ತಗಾಗಿ ಕೆಳಗೆ ಜಾರುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ತಿನ್ನಬೇಕೆನಿಸುತ್ತದೆ. ಬಿಸ್ಕತ್ತು, ಖಾರಾ, ಚಿಪ್ಸ್ ಇವುಗಳದ್ದೂ ಇದೇ ಗುಣ. ಶಸ್ತ್ರಚಿಕಿತ್ಸೆಯ ನಂತರ ಇಳಿದ ತೂಕ ಕೆಲವರಲ್ಲಿ ಮತ್ತೆ ಏರಲು ಹೀಗೆ ದಿನವಿಡೀ ಬಾಯಾಡಿಸುವ ಅಭ್ಯಾಸವೂ ಒಂದು ಕಾರಣ.

ಮಿರ್ಚಿ ಭಜಿಯಲ್ಲಿ ಎಣ್ಣೆ ಹೆಚ್ಚು. ಧಾರವಾಡ ಪೇಡೆ, ಶೇಂಗಾ ಹೋಳಿಗೆ, ನಮ್ಮ ಕ್ರಿಸ್‌ಮಸ್ ಕುಸ್ವಾರ್ ಇವುಗಳ ಸಕ್ಕರೆ ಒಮ್ಮೆಲೇ ಕರುಳಿಗೆ ಇಳಿದರೆ ಬೆವರು, ಎದೆಬಡಿತ, ಹೊಟ್ಟೆನೋವು, ಭೇದಿ ಕಾಣಿಸಬಹುದು. ಬೈಪಾಸ್ ಆದವರಲ್ಲಿ ಇದು ಹೆಚ್ಚು. ತಿಂದ ಒಂದರಿಂದ ಮೂರು ಗಂಟೆಗಳ ನಂತರ ರಕ್ತದ ಸಕ್ಕರೆ ತೀರಾ ಇಳಿದು ತಲೆ ತಿರುಗುವುದೂ ಉಂಟು.

ಹಾಗಾದರೆ ಏನು ತಿನ್ನಬಹುದು?

ದೂರ ಹೋಗಬೇಕಾಗಿಲ್ಲ. ಧಾರವಾಡದ ಹಳ್ಳಿ ಮನೆಯ ಅಡಿಗೆಯಲ್ಲೂ ನಮ್ಮ ಕರಾವಳಿಯ ಅಡಿಗೆಯಲ್ಲೂ ಒಳ್ಳೆಯ ತಿಂಡಿ ಬೇಕಾದಷ್ಟಿದೆ.

1. ಬೇಯಿಸಿದ ಮೊಟ್ಟೆ: ಒಂದರಲ್ಲಿ ಸುಮಾರು 6 ಗ್ರಾಂ ಪ್ರೋಟೀನು.
2. ಮೆತ್ತಗೆ ಬೇಯಿಸಿದ ಹೆಸರುಕಾಳು ಅಥವಾ ಮಡಿಕೆಕಾಳಿನ ಉಸಳಿ: ಬೆಂದ ಹೆಸರುಕಾಳು 100 ಗ್ರಾಮಿನಲ್ಲಿ ಸುಮಾರು 7 ಗ್ರಾಂ. ಒಮ್ಮೆಗೆ ಮೂರು-ನಾಲ್ಕು ಚಮಚ ಸಾಕು.
3. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು, ಸಕ್ಕರೆ ಇಲ್ಲದೆ.
4. ಪನೀರು: 50 ಗ್ರಾಮಿಗೆ ಸುಮಾರು 9 ಗ್ರಾಂ.
5. ಮುಳ್ಳು ತೆಗೆದ ಬೇಯಿಸಿದ ಮೀನಿನ ಒಂದು ತುಂಡು, ಹುರಿದದ್ದಲ್ಲ.
6. ಪುಠಾಣಿ ಅಥವಾ ಹುರಿದ ಶೇಂಗಾ: ಗಟ್ಟಿ ಪದಾರ್ಥಕ್ಕೆ ವೈದ್ಯರು ಅನುಮತಿ ಕೊಟ್ಟ ಮೇಲೆ ಮಾತ್ರ. ಶೇಂಗಾದಲ್ಲಿ ಕೊಬ್ಬು ಹೆಚ್ಚಿರುವುದರಿಂದ ಅರ್ಧ ಹಿಡಿಗಿಂತ ಹೆಚ್ಚು ಬೇಡ.

ಈ ಪಟ್ಟಿ ಎಲ್ಲರಿಗೂ ಮೊದಲ ದಿನದಿಂದಲೇ ಅಲ್ಲ. ಮೊದಲು ದ್ರವ, ನಂತರ ನುಣ್ಣಗೆ ಅರೆದದ್ದು, ನಂತರ ಮೆತ್ತಗಿನದ್ದು, ಸುಮಾರು ಆರರಿಂದ ಎಂಟು ವಾರಗಳ ಮೇಲೆ ಸಾಮಾನ್ಯ ಆಹಾರ. ಆಸ್ಪತ್ರೆಯಲ್ಲಿ ಕೊಟ್ಟ ಪಟ್ಟಿಯೇ ಕೊನೆಯ ಮಾತು.

ತಿನ್ನುವ ಕ್ರಮವೂ ಮುಖ್ಯ. ಸಣ್ಣ ತುತ್ತು, ಚೆನ್ನಾಗಿ ಅಗಿಯುವುದು, ತುಂಬಿತು ಎನಿಸಿದಾಗ ನಿಲ್ಲಿಸುವುದು. ತಿಂಡಿಯ ಜೊತೆ ನೀರು, ಚಹಾ ಬೇಡ. ತಿಂದು ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಅಂದು ನಾವು ಮಾಡಿದ ಎರಡನೇ ತಪ್ಪು ಆ ಚಹಾ. ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ವೈದ್ಯರು ಹೇಳಿದಂತೆ ಮುಂದುವರಿಸಬೇಕು. ವಾಂತಿ ಒಂದೆರಡು ದಿನದಲ್ಲಿ ನಿಲ್ಲದಿದ್ದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು.

ಉಪವಾಸದ ಪ್ರಶ್ನೆ

ತಪಸ್ಸುಕಾಲದಲ್ಲಿ ಇಂಥವರು ನಮ್ಮನ್ನು ಕೇಳುವುದುಂಟು: "ಫಾದರ್, ನಾನು ಉಪವಾಸ ಮಾಡಬೇಕೆ?" 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಉಪವಾಸದ ಕಟ್ಟಳೆ 18 ವರ್ಷ ತುಂಬಿದವರಿಗೆ, 60ನೇ ವರ್ಷ ಆರಂಭವಾಗುವವರೆಗೆ. ಆರೋಗ್ಯಕ್ಕೆ ಹಾನಿಯಾಗುವಂತೆ ಉಪವಾಸ ಮಾಡಬೇಕೆಂದು ಧರ್ಮಸಭೆ ಕೇಳುವುದಿಲ್ಲ. ಸಂಶಯವಿದ್ದರೆ ಧರ್ಮಕೇಂದ್ರದ ಗುರುಗಳನ್ನು ಕೇಳಿ. ವಿನಾಯಿತಿ ಕೊಡುವ ಅಧಿಕಾರ ಅವರಿಗಿದೆ. ಪರಮಪ್ರಸಾದಕ್ಕೆ ಮೊದಲಿನ ಒಂದು ಗಂಟೆಯ ಉಪವಾಸದಿಂದಲೂ ಅಸ್ವಸ್ಥರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಅದೇ ಸಂಹಿತೆ (ಕಾನೂನು 919) ರಿಯಾಯಿತಿ ನೀಡಿದೆ. ಹೊತ್ತಿಗೆ ಸರಿಯಾಗಿ ಅಳತೆಯಲ್ಲಿ ತಿನ್ನುವುದೇ ಅವರ ಪಾಲಿನ ಸಂಯಮ.

ನಾವು ಮಾಡಬೇಕಾದದ್ದು

ಮದುವೆ, ರೋಸ್, ಧರ್ಮಕೇಂದ್ರದ ಹಬ್ಬ, ವಾರ್ಡಿನ ಸಭೆ, ಎಲ್ಲ ಕಡೆ ತಿಂಡಿ ಹಂಚುತ್ತೇವೆ. ಬೇಡ ಎಂದವರಿಗೆ ಎರಡನೇ ಸಲ ಒತ್ತಾಯ ಮಾಡಬಾರದು. "ಯಾಕೆ ತಿನ್ನುತ್ತಿಲ್ಲ?" ಎಂದು ಎಲ್ಲರೆದುರು ಕೇಳಬಾರದು, ಶಸ್ತ್ರಚಿಕಿತ್ಸೆಯ ವಿಷಯ ಹೇಳಬೇಕೋ ಬೇಡವೋ ಅವರಿಗೆ ಬಿಟ್ಟದ್ದು. ಟೋಸ್ಟಿನ ವೈನಿಗೂ ಒತ್ತಾಯ ಬೇಡ. ಈ ಶಸ್ತ್ರಚಿಕಿತ್ಸೆಯಾದವರಿಗೆ ಮದ್ಯ ಬೇಗ ತಲೆಗೇರುತ್ತದೆ. ಸಭೆಯ ತಿಂಡಿಯಲ್ಲಿ ಸಮೋಸದ ಪಕ್ಕ ಒಂದು ಪಾತ್ರೆ ಉಸಳಿ, ನಾಲ್ಕು ಮೊಟ್ಟೆ ಇಟ್ಟರೆ ಸಕ್ಕರೆ ಕಾಯಿಲೆಯವರಿಗೂ ಉಪಕಾರ.

ಮುಂದಿನ ಸಲ ಕಲಘಟಗಿಯಲ್ಲಿ ಇಳಿದಾಗ ಅದೇ ಸಹೋದರರು ಮನೆಯಿಂದ ತಂದ ಡಬ್ಬಿ ತೆರೆದರು: ಒಂದು ಮೊಟ್ಟೆ, ಸ್ವಲ್ಪ ಹೆಸರುಕಾಳು. ನಾವು ಸುಮ್ಮನೆ ಪಕ್ಕದಲ್ಲಿ ಕುಳಿತೆವು. ಅತಿಥಿ ಸತ್ಕಾರ ದೊಡ್ಡ ಪುಣ್ಯ. ಆದರೆ ಎದುರಿಗಿರುವವರ ದೇಹಕ್ಕೆ ಏನು ಒಳಿತೆಂದು ಕೇಳಿ ತಿಳಿದು ಬಡಿಸಿದಾಗಲೇ ಅದು ಪೂರ್ಣವಾಗುತ್ತದೆ. ಚಿಕಿತ್ಸೆಯ ನಂತರ ಹೊಸ ಬದುಕು ಕಟ್ಟಿಕೊಳ್ಳುತ್ತಿರುವ ಎಲ್ಲರನ್ನೂ ಪ್ರಭು ಆಶೀರ್ವದಿಸಲಿ.