ಮೇರಿ ಬೀದಿಯ ಚರ್ಚ್ ಪಬ್ ಆದ ಬಗೆ

ಡಬ್ಲಿನ್ ನಗರದ ಮೇರಿ ಬೀದಿಯಲ್ಲಿರುವ ‘ದಿ ಚರ್ಚ್’ ಈಗ ಊಟ, ಬಿಯರ್ ಸಿಗುವ ಪಬ್. 1964ರವರೆಗೆ ಇದು ಸೇಂಟ್ ಮೇರೀಸ್ ಚರ್ಚ್ ಆಗಿತ್ತು. 17ನೆಯ ಶತಮಾನದ ಕೊನೆಯಲ್ಲಿ ನಗರವು ಲಿಫ್ಫಿ ನದಿಯ ಉತ್ತರ ದಂಡೆಗೆ ಹರಡಿದಂತೆ ಅಲ್ಲಿನ ಹಳೆಯ ಪ್ಯಾರಿಷ್ (ಒಂದು ಚರ್ಚಿನ ಆಡಳಿತಕ್ಕೆ ಸೇರಿದ ಪ್ರದೇಶ) ಸಾಲದಾಯಿತು. 1697ರಲ್ಲಿ ಅದನ್ನು ಒಡೆದು ಹೊಸ ಪ್ಯಾರಿಷ್ ಮಾಡಿದರು. ಅದಕ್ಕೆಂದು ಕಟ್ಟಿದ ಈ ಚರ್ಚಿನ ನಕ್ಷೆ ವಿಲಿಯಂ ರಾಬಿನ್‌ಸನ್ ಅವರದು. ಕಿಲ್‌ಮೇನ್‌ಹ್ಯಾಮ್‌ನ ರಾಯಲ್ ಹಾಸ್ಪಿಟಲ್ ಕಟ್ಟಡವನ್ನು ರೂಪಿಸಿದವರೂ ಅವರೇ.

ಮುಂದಿನ ನೂರು ವರ್ಷ ಇದು ಸಿರಿವಂತರ ಚರ್ಚ್. ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿ 1747ರಲ್ಲಿ ಐರ್ಲೆಂಡಿನ ತಮ್ಮ ಮೊದಲ ಪ್ರವಚನ ನೀಡಿದ್ದು ಇಲ್ಲಿ. ಇಲ್ಲಿನ ಆರ್ಗನ್ ರೆನಾಟಸ್ ಹ್ಯಾರಿಸ್ ಅವರ ತಯಾರಿ. ತಮ್ಮ ‘ಮೆಸ್ಸಾಯ’ ಸಂಗೀತಕೃತಿಯ ಮೊದಲ ಪ್ರದರ್ಶನಕ್ಕೆಂದು ಡಬ್ಲಿನ್‌ನಲ್ಲಿದ್ದಾಗ ಸಂಗೀತ ಸಂಯೋಜಕ ಹ್ಯಾಂಡೆಲ್ ಈ ಆರ್ಗನ್ನನ್ನು ನುಡಿಸುತ್ತಿದ್ದರೆಂಬ ಪ್ರತೀತಿಯಿದೆ. ಐರಿಷ್ ಕ್ರಾಂತಿಕಾರಿ ವುಲ್ಫ್ ಟೋನ್‌ಗೂ ನಾಟಕಕಾರ ಷಾನ್ ಓಕೇಸಿಗೂ ದೀಕ್ಷಾಸ್ನಾನ ಆದದ್ದು ಇಲ್ಲೇ. ಪಬ್‌ಗೆ ಎಲ್ಲಕ್ಕಿಂತ ಹತ್ತಿರವಾದ ಘಟನೆ 1761ರ ಮದುವೆ: ಎರಡು ವರ್ಷ ಹಿಂದೆಯಷ್ಟೇ ಬಿಯರ್ ಬ್ರೂವರಿ ಜಾಗವನ್ನು 9,000 ವರ್ಷಗಳ ಗುತ್ತಿಗೆಗೆ ಪಡೆದಿದ್ದ ಆರ್ಥರ್ ಗಿನ್ನೆಸ್ ಇಲ್ಲಿ ಒಲಿವಿಯಾ ವಿಟ್‌ಮೋರ್ ಕೈಹಿಡಿದರು.

1801ರಲ್ಲಿ ಐರಿಷ್ ಸಂಸತ್ತು ಲಂಡನ್ನಿನದರಲ್ಲಿ ವಿಲೀನವಾದ ಮೇಲೆ ಸಿರಿವಂತ ಮನೆತನಗಳು ಒಂದೊಂದಾಗಿ ಜಾಗ ಖಾಲಿ ಮಾಡಿದವು. ಉತ್ತರ ದಂಡೆಯ ದೊಡ್ಡ ಮನೆಗಳು ಬಡವರ ವಠಾರಗಳಾದವು. ಈ ಚರ್ಚಿಗೆ ಬರುತ್ತಿದ್ದ ಪ್ರಾಟೆಸ್ಟೆಂಟ್ ಕುಟುಂಬಗಳೂ ಕರಗುತ್ತ ಬಂದು, ಕೊನೆಗೆ ಚರ್ಚಿಗೆ ಬೀಗ ಬಿತ್ತು. ನಂತರ ಕಟ್ಟಡ ಹಲವು ವರ್ಷ ಪಾಳು ಬಿದ್ದಿತ್ತು.

1997ರಲ್ಲಿ ಅದನ್ನು ಕೊಂಡ ಉದ್ಯಮಿ ಸುಮಾರು ಏಳು ವರ್ಷ ದುರಸ್ತಿ ಮಾಡಿಸಿ, 2005ರ ಡಿಸೆಂಬರ್‌ನಲ್ಲಿ ಪಬ್ ತೆರೆದರು. ಈಗಿನ ಹೆಸರು ಬಂದದ್ದು 2007ರಲ್ಲಿ. ಚರ್ಚುಗಳನ್ನು ಬೇರೆ ಬಳಕೆಗೆ ಒಗ್ಗಿಸುವವರು ಸಾಮಾನ್ಯವಾಗಿ ಅಡ್ಡಗೋಡೆ, ನಡುಮಹಡಿ ಹಾಕಿ ಒಳಗಿನ ಎತ್ತರವನ್ನೇ ಕೊಂದುಬಿಡುತ್ತಾರೆ. ಇಲ್ಲಿ ಹಾಗಾಗಲಿಲ್ಲ, ಇದೇ ಈ ಕೆಲಸದ ದೊಡ್ಡ ಗುಣ. ಬೆಂಚುಗಳಿದ್ದ ನಡುಅಂಕಣದಲ್ಲಿ ಉದ್ದನೆಯ ಬಾರ್ ಬಂತು, ಮೇಲಿನ ಗ್ಯಾಲರಿ ಊಟದ ಜಾಗವಾಯಿತು. ಬಣ್ಣದ ಗಾಜಿನ ದೊಡ್ಡ ಕಿಟಕಿ, ಗೋಡೆಯ ಸ್ಮಾರಕ ಫಲಕಗಳು, ಆರ್ಗನ್ ಇದ್ದಲ್ಲೇ ಉಳಿದವು. ಹೊಸ ಮೆಟ್ಟಿಲುಗಳಿಗೆ ಹೊರಗೆ ಗಾಜಿನ ಗೋಪುರವನ್ನೇ ಕಟ್ಟಿ, ಗ್ಯಾಲರಿಗೆ ಸೇತುವೆ ಹಾಕಿದರು. ಇದರಿಂದ ಹಳೆಯ ಹಜಾರದ ಜಾಗ ಉಳಿಯಿತು.

ಪಕ್ಕದ ಸ್ಮಶಾನಕ್ಕೆ ಇಷ್ಟು ಆರೈಕೆ ಸಿಗಲಿಲ್ಲ. ಅದು ವುಲ್ಫ್ ಟೋನ್ ಹೆಸರಿನ ಸಾರ್ವಜನಿಕ ಚೌಕವಾಗಿದೆ. ಸಮಾಧಿ ಕಲ್ಲುಗಳನ್ನು ಕಿತ್ತು ಒಂದು ಬದಿಗೆ ಒತ್ತಾಗಿ ನಿಲ್ಲಿಸಿರುವುದರಿಂದ, ಯಾರ ಕಲ್ಲು ಎಲ್ಲಿತ್ತೆಂದು ಅಲ್ಲಿ ನಿಂತು ಹೇಳಲಾಗದು.