ಕ್ಲೇಮು ಕೊಡಿಸುವ ಸಂಸ್ಥೆಗಳ ಶುಲ್ಕ: ತಕರಾರು ಸಲ್ಲಿಸುವುದು ಹೇಗೆ?

ಗೋದಾಮಿಗೆ ಬೆಂಕಿ ತಗುಲಿದಾಗ ಅಥವಾ ಮಳೆನೀರು ನುಗ್ಗಿ ದಾಸ್ತಾನು ಹಾಳಾದಾಗ ಸಣ್ಣ ವ್ಯಾಪಾರಸ್ಥನಿಗೆ ಉಳಿಯುವ ಮುಖ್ಯ ಆಸರೆಯೆಂದರೆ ವಿಮೆ. ಕ್ಲೇಮಿನ ಇತ್ಯರ್ಥ ತಡವಾದಾಗ ಅಥವಾ ನಿರೀಕ್ಷೆಗಿಂತ ಕಡಿಮೆ ಮೊತ್ತ ಮಂಜೂರಾದಾಗ, ‘ಪರಿಹಾರ ಬಂದರಷ್ಟೇ ಶುಲ್ಕ’ ಎಂಬ ಭರವಸೆಯೊಂದಿಗೆ ಕ್ಲೇಮು ಸಲಹಾ ಸಂಸ್ಥೆಗಳು ಮುಂದೆ ಬರುತ್ತವೆ. ಇವುಗಳಲ್ಲಿ ಪ್ರಾಮಾಣಿಕವಾಗಿ ದುಡಿಯುವವೂ ಉಂಟು. ಆದರೆ ಸುಳ್ಳು ಭರವಸೆಯಿಂದ ಸಹಿ ಪಡೆದು ಪರಿಹಾರದ ದೊಡ್ಡ ಪಾಲನ್ನು ಕೇಳುವ ಸಂಸ್ಥೆಗಳೂ ಇವೆ. ಸಹಿ ಮಾಡಿದ ಮೇಲೆ ಕೇಳಿದಷ್ಟು ಕೊಡಲೇಬೇಕೆಂಬ ಭಾವನೆ ಸರಿಯಲ್ಲ. ಕಾನೂನಿನಲ್ಲಿ ಪರಿಹಾರ ಮಾರ್ಗಗಳಿವೆ.

ಶುಲ್ಕದ ಲೆಕ್ಕ

ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ವಿಮಾ ಕಂಪನಿಯು 7 ಲಕ್ಷ ರೂಪಾಯಿ ಕೊಡುವುದಾಗಿ ಮೊದಲೇ ಪತ್ರ ಬರೆದಿದೆ. ಬಳಿಕ ಸಲಹಾ ಸಂಸ್ಥೆಯ ಪ್ರಯತ್ನದಿಂದ ಅದು 9 ಲಕ್ಷಕ್ಕೆ ಏರಿದೆ. ಒಪ್ಪಂದದಲ್ಲಿ ‘ಒಟ್ಟು ಪರಿಹಾರದ ಶೇಕಡಾ 20’ ಎಂದಿದ್ದರೆ ಶುಲ್ಕ 1,80,000 ರೂ. ಇದಕ್ಕೆ ಶೇಕಡಾ 18ರ ಜಿಎಸ್‌ಟಿ 32,400 ರೂ. ಸೇರಿದರೆ 2,12,400 ರೂ. ಆಗುತ್ತದೆ. ಸಂಸ್ಥೆಯಿಂದ ಆದ ಹೆಚ್ಚುವರಿ ಲಾಭ 2 ಲಕ್ಷ ಮಾತ್ರ. ಶುಲ್ಕ ಅದನ್ನೂ ಮೀರಿತು! ಹೆಚ್ಚುವರಿ ಮೊತ್ತದ ಮೇಲಷ್ಟೇ ಶುಲ್ಕವಿದ್ದಿದ್ದರೆ ತೆರಿಗೆ ಸೇರಿ 47,200 ರೂ. ಆಗುತ್ತಿತ್ತು. ಆದ್ದರಿಂದ ಶೇಕಡಾವಾರು ಎಷ್ಟೆಂಬುದಕ್ಕಿಂತ, ಅದು ಯಾವ ಮೊತ್ತದ ಮೇಲೆ ಎಂಬುದೇ ಮುಖ್ಯ.

ಬ್ರಿಟನ್ನಿನ ಅನುಭವ

ಬ್ರಿಟನ್ನಿನಲ್ಲಿ ಸಾಲದೊಂದಿಗೆ ತಪ್ಪಾಗಿ ಮಾರಾಟವಾದ ಪಾವತಿ ರಕ್ಷಣಾ ವಿಮೆಗಾಗಿ ಬ್ಯಾಂಕುಗಳು 3,800 ಕೋಟಿ ಪೌಂಡಿಗೂ ಹೆಚ್ಚು ಹಣ ಮರಳಿಸಬೇಕಾಯಿತು. ಗ್ರಾಹಕರು ತಾವೇ ಉಚಿತವಾಗಿ ದೂರು ಕೊಡಬಹುದಾಗಿದ್ದರೂ ಅನೇಕರು ಕ್ಲೇಮು ಸಂಸ್ಥೆಗಳಿಗೆ ದೊಡ್ಡ ಪಾಲನ್ನು ತೆತ್ತರು. ಕೊನೆಗೆ 2018ರ ಕಾಯಿದೆಯು ಆ ಕ್ಲೇಮುಗಳ ಶುಲ್ಕವನ್ನು ತೆರಿಗೆ ಬಿಟ್ಟು ಶೇಕಡಾ 20ಕ್ಕೆ ಮಿತಿಗೊಳಿಸಿತು. 2019ರ ಏಪ್ರಿಲ್‌ನಿಂದ ಈ ಸಂಸ್ಥೆಗಳು ಹಣಕಾಸು ನಿಯಂತ್ರಕರ ಅಧೀನಕ್ಕೆ ಬಂದವು. ನಮ್ಮಲ್ಲಿ ವಿಮಾ ಬ್ರೋಕರುಗಳು ಮತ್ತು ಸರ್ವೇಯರುಗಳು ಐಆರ್‌ಡಿಎಐ ಪರವಾನಗಿ ಪಡೆದಿರಬೇಕು. ಆದರೆ ‘ಕನ್ಸಲ್ಟೆಂಟ್’ ಎಂದು ಫಲಕ ಹಾಕಿಕೊಂಡವರೆಲ್ಲರೂ ಅಂತಹ ಪರವಾನಗಿ ಪಡೆದವರಲ್ಲ. ಆದ್ದರಿಂದ ನಾವು ಸಾಮಾನ್ಯ ಕಾನೂನನ್ನೇ ಆಶ್ರಯಿಸಬೇಕಾಗುತ್ತದೆ.

ಕಾನೂನು ಏನು ಹೇಳುತ್ತದೆ?

1872ರ ಭಾರತೀಯ ಕರಾರು ಕಾಯಿದೆಯ 17 ಮತ್ತು 18ನೇ ಕಲಂಗಳು ವಂಚನೆ ಹಾಗೂ ತಪ್ಪು ನಿರೂಪಣೆಯನ್ನು ವಿವರಿಸುತ್ತವೆ. ಇವುಗಳಿಂದ ಪಡೆದ ಸಮ್ಮತಿಯ ಕರಾರನ್ನು ನೊಂದವನು 19ನೇ ಕಲಮಿನಡಿ ರದ್ದುಪಡಿಸಬಹುದು. ‘ನಾವು ಸರ್ಕಾರದಿಂದ ನೇಮಕಗೊಂಡವರು’, ‘ನಮ್ಮ ಮೂಲಕವಲ್ಲದೆ ಓಂಬುಡ್ಸ್‌ಮನ್‌ಗೆ ಅರ್ಜಿ ಹಾಕಲಾಗದು’ ಎಂಬ ಮಾತುಗಳು ಸುಳ್ಳಾಗಿದ್ದರೆ ತಕರಾರಿಗೆ ಬಲವಾದ ಆಧಾರ ಸಿಗುತ್ತದೆ. ಆದರೆ ಸಾಮಾನ್ಯ ಎಚ್ಚರಿಕೆಯಿಂದ ಸತ್ಯವನ್ನು ತಿಳಿಯಬಹುದಾಗಿತ್ತೆಂದು ಎದುರು ಪಕ್ಷ ವಾದಿಸಲು ಇದೇ ಕಲಂ ಕೆಲವು ಸಂದರ್ಭಗಳಲ್ಲಿ ಅವಕಾಶ ಕೊಡುತ್ತದೆಂಬುದನ್ನು ಮರೆಯಬಾರದು.

ನಡುವೆ ಕೆಲಸ ನಿಲ್ಲಿಸಿದರೆ ಇಷ್ಟು ದಂಡವೆಂದು ಒಪ್ಪಂದದಲ್ಲಿ ಬರೆದಿದ್ದರೂ 74ನೇ ಕಲಮಿನಂತೆ ಆ ಮೊತ್ತವನ್ನು ಮೀರದ ನ್ಯಾಯೋಚಿತ ಪರಿಹಾರ ಮಾತ್ರ ಸಲ್ಲುತ್ತದೆ. ವ್ಯಾಜ್ಯದ ಫಲದಲ್ಲಿ ಪಾಲು ಕೇಳುವ ಒಪ್ಪಂದವು ನಮ್ಮ ದೇಶದಲ್ಲಿ ತಾನಾಗಿಯೇ ಕಾನೂನುಬಾಹಿರವಲ್ಲ. ಆದರೆ ಸುಲಿಗೆಯ ಸ್ವರೂಪದ್ದಾದರೆ ಅದನ್ನು ಜಾರಿಗೊಳಿಸಲಾಗದೆಂದು ಪ್ರಿವಿ ಕೌನ್ಸಿಲ್ 1876ರಷ್ಟು ಹಿಂದೆಯೇ ಹೇಳಿದೆ. ವಕೀಲರಂತೂ ಫಲಿತಾಂಶ ಆಧರಿಸಿ ಶುಲ್ಕ ಗೊತ್ತುಪಡಿಸುವುದನ್ನು ಬಾರ್ ಕೌನ್ಸಿಲ್ ನಿಯಮಗಳು ನಿಷೇಧಿಸಿವೆ. ಇನ್ನೊಂದೆಡೆ, ಸಂಸ್ಥೆಯು ನಿಜವಾಗಿ ದುಡಿದಿದ್ದರೆ ಆ ದುಡಿಮೆಗೆ ತಕ್ಕ ಪ್ರತಿಫಲವನ್ನು ಕೊಡುವುದು ನ್ಯಾಯ. ತಕರಾರು ಇರಬೇಕಾದದ್ದು ಮಿತಿಮೀರಿದ ಭಾಗಕ್ಕೆ.

ಅನುಸರಿಸಬೇಕಾದ ಕ್ರಮ

1. ಒಪ್ಪಂದ, ಜಾಹೀರಾತು, ವಾಟ್ಸಾಪ್ ಸಂದೇಶ ಹಾಗೂ ವಿಮಾ ಕಂಪನಿಯ ಪತ್ರಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಳ್ಳಿ. ಸಂಸ್ಥೆ ಬರುವ ಮೊದಲೇ ಮಂಜೂರಾಗಿದ್ದ ಮೊತ್ತದ ದಾಖಲೆ ಅತ್ಯಮೂಲ್ಯ.

2. ಮಾಡಿದ ಕೆಲಸದ ವಿವರ ಮತ್ತು ಜಿಎಸ್‌ಟಿ ಸಂಖ್ಯೆಯುಳ್ಳ ಬಿಲ್ಲನ್ನು ಲಿಖಿತವಾಗಿ ಕೇಳಿ. ನೋಂದಣಿಯಿಲ್ಲದವರು ಜಿಎಸ್‌ಟಿ ವಸೂಲು ಮಾಡುವಂತಿಲ್ಲ.

3. ಯಾವ ಭರವಸೆ ಸುಳ್ಳಾಯಿತು, ಎಷ್ಟು ಮೊತ್ತವನ್ನು ಒಪ್ಪುತ್ತೀರಿ, ಎಷ್ಟನ್ನು ಒಪ್ಪುವುದಿಲ್ಲ ಎಂಬುದನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆದು ಸ್ಪೀಡ್ ಪೋಸ್ಟ್ ಹಾಗೂ ಇಮೇಲ್ ಮೂಲಕ ಕಳುಹಿಸಿ. ತಡಮಾಡಿದಷ್ಟೂ ನಿಮ್ಮ ವಾದ ದುರ್ಬಲವಾಗುತ್ತದೆ.

4. ಭದ್ರತೆಗೆಂದು ಸಹಿ ಮಾಡಿದ ಚೆಕ್ಕು ಕೊಟ್ಟಿದ್ದರೆ ಹಿಂದಿರುಗಿಸಲು ಅದೇ ಪತ್ರದಲ್ಲಿ ಕೇಳಿ. ಬ್ಯಾಂಕಿಗೆ ಪಾವತಿ ನಿಲ್ಲಿಸುವ ಸೂಚನೆ ಕೊಟ್ಟ ಮಾತ್ರಕ್ಕೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೇ ಕಲಮಿನಿಂದ ಪಾರಾಗಲಾಗದು. ನೋಟೀಸು ಬಂದರೆ 15 ದಿನಗಳೊಳಗೆ ವಕೀಲರ ಮೂಲಕ ಉತ್ತರಿಸುವುದು ಅತ್ಯವಶ್ಯ.

5. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯ ನಡೆಸುವ ವ್ಯಾಪಾರಸ್ಥನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಸಂಸ್ಥೆ ದೆಹಲಿಯಲ್ಲಿದ್ದರೂ ದೂರನ್ನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ಸಲ್ಲಿಸಬಹುದು. ಕಾಲಮಿತಿ ಎರಡು ವರ್ಷ. ಒಪ್ಪಂದದಲ್ಲಿ ಆರ್ಬಿಟ್ರೇಷನ್ ಷರತ್ತಿದ್ದರೂ ಆಯೋಗದ ಬಾಗಿಲು ಮುಚ್ಚುವುದಿಲ್ಲ. ದೊಡ್ಡ ಪ್ರಮಾಣದ ವ್ಯವಹಾರ ನಡೆಸುವವರಿಗೆ ಸಿವಿಲ್ ನ್ಯಾಯಾಲಯವೇ ಸೂಕ್ತ.

ಶುಲ್ಕವಿಲ್ಲದ ಮಾರ್ಗ

ಈ ತೊಡಕಿಗೆ ಸಿಲುಕದಿರುವುದೇ ಲೇಸು. 2017ರ ವಿಮಾ ಓಂಬುಡ್ಸ್‌ಮನ್ ನಿಯಮಗಳಡಿ ಏಕ ಮಾಲೀಕತ್ವದ ಅಂಗಡಿಗಳು ಹಾಗೂ ಸೂಕ್ಷ್ಮ ಉದ್ಯಮಗಳೂ ದೂರು ಸಲ್ಲಿಸಬಹುದು. ಶುಲ್ಕವಿಲ್ಲ; ವಕೀಲರೂ ಬೇಕಿಲ್ಲ. ಮೊದಲು ವಿಮಾ ಕಂಪನಿಗೆ ಬರೆದು, ಅದು ನಿರಾಕರಿಸಿದರೆ ಅಥವಾ ಒಂದು ತಿಂಗಳಾದರೂ ಉತ್ತರಿಸದಿದ್ದರೆ ಓಂಬುಡ್ಸ್‌ಮನ್ ಬಳಿಗೆ ಹೋಗಬೇಕು. ಇದಕ್ಕೆ ಒಂದು ವರ್ಷದ ಗಡುವಿದೆ. 2023ರ ತಿದ್ದುಪಡಿಯಿಂದ ಪರಿಹಾರದ ಮಿತಿ 50 ಲಕ್ಷ ರೂಪಾಯಿಗೆ ಏರಿದೆ. ಕರ್ನಾಟಕಕ್ಕೆ ಬೆಂಗಳೂರಿನಲ್ಲೇ ಕಚೇರಿಯಿದೆ. ಬ್ಯಾಂಕುಗಳ ವಿರುದ್ಧದ ದೂರುಗಳಿಗೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ವ್ಯವಸ್ಥೆಯೂ ಉಚಿತವೇ. ಅದಕ್ಕಿಂತ ದೊಡ್ಡ ಸಂಸ್ಥೆಗಳಿಗೂ ದಾರಿಯಿದೆ: ತನ್ನ ನಷ್ಟ ಭರ್ತಿಗಾಗಿ ವಿಮೆ ಪಡೆದ ವ್ಯಾಪಾರಿ ಸಂಸ್ಥೆಯೂ ಗ್ರಾಹಕನೆನಿಸಬಹುದೆಂದು ಹರ್ಸೋಲಿಯಾ ಮೋಟಾರ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ತೀರ್ಪಿತ್ತಿದೆ.

ಎಲ್ಲ ಕ್ಲೇಮುಗಳೂ ಸರಳವಲ್ಲ. ತಜ್ಞರ ನೆರವು ಕೆಲವೊಮ್ಮೆ ಬೇಕಾಗುತ್ತದೆ. ಆಗ ಶುಲ್ಕವು ಹೆಚ್ಚುವರಿಯಾಗಿ ದೊರೆತ ಮೊತ್ತಕ್ಕಷ್ಟೇ ಅನ್ವಯಿಸುವುದೆಂದು ಒಪ್ಪಂದದಲ್ಲಿ ಬರೆಸಿಕೊಳ್ಳಿ. ಖಾಲಿ ಚೆಕ್ಕನ್ನೂ ಖಾಲಿ ಹಾಳೆಯ ಮೇಲಿನ ಸಹಿಯನ್ನೂ ಕೊಡಬೇಡಿ. ಕಷ್ಟಕಾಲಕ್ಕೆಂದು ವರ್ಷಗಟ್ಟಲೆ ಪ್ರೀಮಿಯಂ ಕಟ್ಟಿದವರು ಸದಸ್ಯ ಬಂಧುಗಳೇ. ಪರಿಹಾರದ ಹಣವೂ ಅವರ ಕೈಸೇರಬೇಕು.